ಬೆನ್ನು ಬೆಚ್ಚಗಿತ್ತು

ಫೆಬ್ರವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಮನೆಯ ಹೊಸ್ತಿಲ ಒಳಬದಿಗೆ, ಸುರುಳಿ ಸುತ್ತಿ ಗೋಡೆಗೆ ಆನಿಸಿದ ಒಂದು ಚಾಪೆಯಿದೆ. ಅಂಚಿನ ಕೆಂಪು ಬಟ್ಟೆ ಮಾಸಿ ಇಟ್ಟಿಗೆಯ ಬಣ್ಣಕ್ಕೆ ಇಳಿದಿದೆ. ಬಿಡಿಸಿ ನೋಡಿದರೆ ನಟ್ಟನಡುವೆ, ಮನುಷ್ಯರ ಎದೆ ಹೊಟ್ಟೆಗಳು ಒತ್ತಿ ಒತ್ತಿ ಹೊಳಪುಗಟ್ಟಿದ ಜಾಗ ಕಾಣುತ್ತದೆ. ಎಂಬತ್ತೊಂಬತ್ತು ದಿನಗಳಿಂದ ಅದನ್ನು ಯಾರೂ ಬಿಡಿಸಿಲ್ಲ. ಕಸ ಗುಡಿಸುವಾಗ ಅವ್ವ ಅದನ್ನು ಎತ್ತಿ ಪಕ್ಕಕ್ಕಿಟ್ಟು, ಗುಡಿಸಿ, ಮತ್ತೆ ಅದೇ ಮೂಲೆಯಲ್ಲಿ ನಿಲ್ಲಿಸುತ್ತಾಳೆ. ಎಸೆಯುವುದಿಲ್ಲ, ಹಾಸುವುದೂ ಇಲ್ಲ. ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲವಾದ್ದರಿಂದ ನಿಮ್ಮ ಮುಂದೆ ಎತ್ತುತ್ತಿದ್ದೇನೆ.

ನಾನು ಕಾಲು ಮುಂದಾಗಿ ಹುಟ್ಟಿದವಳು. ಎಲ್ಲರಂತೆ ತಲೆಯಿಂದ ಈ ಲೋಕಕ್ಕೆ ಬರದೆ, ಮೊದಲು ಎಡಗಾಲನ್ನು ಹೊರಗಿಟ್ಟು ನೆಲದ ಹದ ನೋಡಿದೆನಂತೆ. ಇಂಥವರ ಪಾದಕ್ಕೆ ಒಂದು ಗುಣವಿದೆಯೆಂದು ನಮ್ಮ ಕಡೆ ನಂಬುತ್ತಾರೆ. ಟೊಂಕ ಹಿಡಿದವರು, ಬೆನ್ನಿನಲ್ಲಿ ಚಳಕ ಹೊಡೆದವರು ಬೆಳಗಿನ ಜಾವ ಹೊಸ್ತಿಲ ಬಳಿ ಬೋರಲಾಗಿ ಮಲಗಬೇಕು. ಕಾಲು ಮುಂದಾಗಿ ಹುಟ್ಟಿದವರು ಎಡ ಹಿಮ್ಮಡಿಯಿಂದ, ಕುತ್ತಿಗೆಯ ಬುಡದಿಂದ ಟೊಂಕದವರೆಗೆ, ಮೂರು ಸಲ ಹಗುರಾಗಿ ಸವರಬೇಕು. ಹೀಗೆ ಮೂರು ದಿನ. ಆ ಹೊತ್ತಿನಲ್ಲಿ ಇಬ್ಬರೂ ಮಾತಾಡಬಾರದು. ಮಾತಾಡಬಾರದು ಎಂಬ ಈ ನಿಯಮವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನನ್ನ ಕಾಲ ಕೆಳಗೆ ಬಂದ ಮೊದಲ ಬೆನ್ನು ಎದುರು ಮನೆಯ ಕಾಕೂ ಅವರದು. ಆಗ ನನಗೆ ಹದಿನೈದು. ಮೂರನೆಯ ದಿನ ಕಾಕೂ ಎದ್ದು ಕುಣಿಯುವುದೊಂದು ಬಾಕಿ. ಓಣಿಯೆಲ್ಲ ಸುದ್ದಿ ಮಾಡಿದರು. ನಮ್ಮದು ಬೌದ್ಧರ ಮನೆ. ಅಜ್ಜ ಬುದ್ಧನ ಕಡೆ ತಿರುಗಿದಂದಿನಿಂದ ಮಂತ್ರ, ತಾಯತ, ಶಕುನಗಳಿಗೆ ನಮ್ಮಲ್ಲಿ ಜಾಗವಿಲ್ಲ. ಅಪ್ಪ ಸರ್ಕಾರಿ ಕಚೇರಿಯ ನೌಕರ, ಎಲ್ಲದಕ್ಕೂ ಪುರಾವೆ ಕೇಳುವವನು; ಅಪ್ಪನ ತಂಗಿ ಶಾಂತಾ ಅತ್ತಿ ಹುಬ್ಬಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಮದುವೆಯ ಗೊಡವೆಗೆ ಹೋಗದೆ ನಮ್ಮೊಂದಿಗೇ ಇದ್ದು ನನ್ನನ್ನು ಅರ್ಧ ಬೆಳೆಸಿದವಳು. ಇಂಥ ಮನೆಯಲ್ಲಿ ಈ ಪಾದಸೇವೆ ಹೇಗೆ ನಡೆಯಿತೆಂದು ನೀವು ಕೇಳಬಹುದು. ಅದು ನಡೆದದ್ದು ಅತ್ತಿಯ ಕಿಲಾಡಿತನದಿಂದ. ಎಷ್ಟೋ ವರ್ಷಗಳಿಂದ ನಮ್ಮ ಮನೆಯಲ್ಲಿ ಚಹಾ ಮುಂದಿಟ್ಟರೆ ‘ಈಗಷ್ಟ ಕುಡದ ಬಂದೇನ್ರಿ’ ಎಂದು ಕೈ ಅಡ್ಡ ಹಿಡಿಯುತ್ತಿದ್ದವರೇ, ಈಗ ಚಾಪೆಯ ಮೇಲೆ ಬೋರಲಾಗಿ ನನ್ನ ಪಾದಕ್ಕೆ ಬೆನ್ನೊಡ್ಡುತ್ತಿದ್ದರು. ಅತ್ತಿಗೆ ಇದು ಎಷ್ಟು ರುಚಿಸಿತೆಂದರೆ, ಅಪ್ಪ ಮೂಗು ಮುರಿದಾಗಲೆಲ್ಲ ಅವಳೇ ಅಡ್ಡ ಬರುತ್ತಿದ್ದಳು.

“ನಡೀಲಿ ಬಿಡಣ್ಣಾ. ಪಾದ ಒಗ್ಗತೈತಿ, ಕಪ್ಪ ಒಗ್ಗೂದಿಲ್ಲ. ಸುಜಿ, ಇದನ್ನ ಬರದಿಡವಾ, ಮುಂದ ಯಾರರೆ ಓದ್ಯಾರು.”

ಬರೆದಿಟ್ಟೆ. ಬರೆದಿಡುವುದು ನನ್ನ ಚಟ. ಅದನ್ನು ಅಂಟಿಸಿದವಳೂ ಅತ್ತಿಯೇ. ದಿನಚರಿಯ ವಹಿ ಒಂದು, ಬೆನ್ನುಗಳ ವಹಿ ಇನ್ನೊಂದು. ಬೆನ್ನಿನ ವಹಿಯಲ್ಲಿ ಆರು ಅಂಕಣಗಳು: ಸಂಖ್ಯೆ, ದಿನಾಂಕ, ಹೆಸರು, ನೋವಿನ ಬದಿ, ಫಲ, ಚಹಾ. ಹನ್ನೊಂದು ವರ್ಷಗಳಲ್ಲಿ ಐವತ್ತಾರು ಬೆನ್ನುಗಳು. ಚಹಾ ಕುಡಿದವರು ಮೂವತ್ತಮೂರು, ಕುಡಿಯದವರು ಇಪ್ಪತ್ತಮೂರು. ಫಲದ ಅಂಕಣದಲ್ಲಿ ‘ಗುಣ’ ಎಂದಿದ್ದವರು ಐವತ್ತು. ಈ ಐವತ್ತನ್ನು ನೋಡಿ ಅಪ್ಪನೂ ಸುಮ್ಮನಾಗಿದ್ದ. ಪುರಾವೆ ಕೇಳುವವನ ಬಾಯಿಯನ್ನು ಅಂಕಿಯೊಂದು ಮುಚ್ಚಿಸಿತ್ತು. ಆ ಅಂಕಿಯನ್ನು ತಯಾರಿಸಿದವಳು ನಾನು.

ಬೆನ್ನು ನಮ್ಮದೇ ಆದರೂ ನಮ್ಮ ಕಣ್ಣಿಗೆ ಬೀಳದ ಭಾಗ. ಹಾಗಿದ್ದೂ, ಅಥವಾ ಹಾಗಿರುವುದರಿಂದಲೇ, ಕನ್ನಡ ಅದರ ಮೇಲೆ ಎಷ್ಟೆಲ್ಲ ಹೇರಿದೆ ನೋಡಿ: ಮೆಚ್ಚಿದರೆ ಬೆನ್ನು ತಟ್ಟುತ್ತೇವೆ, ಹೆದರಿದರೆ ಬೆನ್ನು ತೋರಿಸುತ್ತೇವೆ, ಹಟ ಹಿಡಿದರೆ ಬೆನ್ನು ಹತ್ತುತ್ತೇವೆ, ಕಷ್ಟದಲ್ಲಿದ್ದವರ ಬೆನ್ನಿಗೆ ನಿಲ್ಲುತ್ತೇವೆ. ಒಡಹುಟ್ಟಿದವರಲ್ಲಿ ನಮ್ಮ ನಂತರ ಬಂದವರು ನಮ್ಮ ಬೆನ್ನಿಗೆ ಬಿದ್ದವರು. ಶಾಂತಾ ಅತ್ತಿ ಅಪ್ಪನ ಬೆನ್ನಿಗೆ ಬಿದ್ದ ತಂಗಿ. ಐವತ್ತನಾಲ್ಕು ವಯಸ್ಸು, ಒಂಬತ್ತು ವರ್ಷದ ಸಕ್ಕರೆ ಕಾಯಿಲೆ. ಸೀಟು ಸಿಗಲಿ ಬಿಡಲಿ ದಿನಾ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ದಿನವಿಡೀ ಹಲಗೆಯ ಮುಂದೆ ನಿಂತು, ಸಂಜೆ ಬಸ್ ಸ್ಟಾಪಿನಿಂದ ಮನೆಗೆ ನಡೆದೇ ಬರುವವಳು. ಅವಳು ಕುಳಿತದ್ದನ್ನು ನಾನು ಕಂಡದ್ದು ಕಡಿಮೆ. ಅವಳಿಗೆ ಕಾಲೆಂದರೆ ಬದುಕು. ಆ ಕಾಲುಗಳ ಕಥೆಯನ್ನೇ ನಾನು ಹೇಳಹೊರಟಿರುವುದು.

ನವೆಂಬರ್ ಎಂಟು, ಶುಕ್ರವಾರ. ಬಚ್ಚಲಲ್ಲಿ ನೀರಿನ ಬಕೆಟ್ ಎತ್ತುವಾಗ ಅತ್ತಿ ‘ಹಾ’ ಎಂದು ಅರ್ಧಕ್ಕೇ ನಿಂತಳು. ಟೊಂಕ ಹಿಡಿಯಿತು ಎಂದೆವು. ಎರಡು ದಿನ ಮೊದಲೇ ಬೆನ್ನು ಜಗ್ಗುತ್ತಿದೆಯೆಂದು ಅವಳು ಅಂದದ್ದನ್ನು ಎಲ್ಲರೂ ಮರೆತು ಬಕೆಟಿನ ಮೇಲೆ ತಪ್ಪು ಹೊರಿಸಿದೆವು. ನೋವಿಗೆ ಕಾರಣವೊಂದು ಕೈಗೆ ಸಿಕ್ಕಿಬಿಟ್ಟರೆ ಮನುಷ್ಯರು ಮತ್ತೊಂದನ್ನು ಹುಡುಕುವುದಿಲ್ಲ.

ಮರುದಿನ ನೋಡಲು ಬಂದ ಕಾಕೂ ಬಾಗಿಲಲ್ಲೇ ಶುರುಮಾಡಿದರು. “ಮನ್ಯಾಗ ಡಾಕ್ಟರನ್ನ ಇಟಗೊಂಡು ಯಾಕ ನರಳತೀರಿ ಶಾಂತಕ್ಕಾ? ಸುಜಾತಾನ ಕಾಲ ಹಚ್ಚಸ್ರಿ.”

“ಅಕಿ ಸೈನ್ಸ್ ಟೀಚರ್ ಅದಾಳ್ರಿ” ಎಂದ ಅಪ್ಪ.

“ಸೈನ್ಸ್ ಟೀಚರಗೆ ಟೊಂಕ ಇರೂದಿಲ್ಲೇನಣ್ಣಾ?” ಅತ್ತಿ ಮಂಚದ ಅಂಚು ಹಿಡಿದುಕೊಂಡೇ ನಕ್ಕಳು. “ಐವತ್ತಾರರಾಗ ಐವತ್ತು ಪಾಸ್ ಆಗ್ಯಾವು. ನಮ್ಮ ಸಾಲಿ ರಿಸಲ್ಟಕಿಂತಾ ಛಲೋ ಐತಿ. ಐವತ್ತೇಳನೇದು ನಂದು. ಪ್ರಯೋಗ ಅಂತ ತಿಳಕೋ.”

ನವೆಂಬರ್ ಹತ್ತು, ಹನ್ನೊಂದು, ಹನ್ನೆರಡು. ಮೂರೂ ದಿನ ಬೆಳಿಗ್ಗೆ ಆರಕ್ಕೆ ಅತ್ತಿ ಚಾಪೆಯ ಮೇಲೆ ಬೋರಲಾಗಿ ಮಲಗಿದಳು. ಮಲಗಲು ಮೊದಲ ದಿನ ಒಂದು ನಿಮಿಷ ಹಿಡಿಯಿತು, ಮೂರನೆಯ ದಿನ ನಾಲ್ಕು ನಿಮಿಷ. ಆ ಮೂರನೆಯ ದಿನ ನನ್ನ ಹಿಮ್ಮಡಿ ಅವಳ ಟೊಂಕಕ್ಕೆ ಬಂದಾಗ, ರವಿಕೆಯ ಕೆಳಗಿನ ಚರ್ಮ ಬಿಸಿಲಿಗಿಟ್ಟ ಹಂಚಿನಂತೆ ಬೆಚ್ಚಗೆ ತಾಗಿತು. ಧಾರವಾಡದ ನವೆಂಬರಿನ ನೆಲ ಬೆಳಿಗ್ಗೆ ಹೇಗಿರುತ್ತದೆಂದು ನಿಮಗೆ ಗೊತ್ತು. ಬರಿಗಾಲಲ್ಲಿ ನಿಂತ ನನ್ನ ಪಾದವೇ ತಣ್ಣಗಾಗಿರಬೇಕು ಎಂದುಕೊಂಡೆ. ಕೇಳಬಹುದಿತ್ತು. ಆದರೆ ಮಾತಾಡಬಾರದೆಂಬ ನಿಯಮವಿತ್ತು, ಮಾತಾಡಲಿಲ್ಲ. ಆಮೇಲೆ ವಹಿಯ ಅಂಚಿನಲ್ಲಿ, ಆರು ಅಂಕಣಗಳ ಹೊರಗೆ, ಸಣ್ಣ ಅಕ್ಷರದಲ್ಲಿ ಎರಡು ಪದ ಬರೆದೆ: ಬೆನ್ನು ಬೆಚ್ಚಗಿತ್ತು.

ಜ್ವರ ಯಾರೂ ನೋಡಲಿಲ್ಲ ಎನ್ನುವಂತಿಲ್ಲ. ನೋಡಿದವಳು ನಾನೇ. ನಾಲ್ಕು ದಿನ, ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ, ನಾನು ಕೆಲಸಕ್ಕೆ ಹೊರಡುವ ಮುಂಚೆ. ತೊಂಬತ್ತೆಂಟು ಪಾಯಿಂಟ್ ನಾಲ್ಕು, ತೊಂಬತ್ತೆಂಟು ಪಾಯಿಂಟ್ ಎಂಟು, ತೊಂಬತ್ತೆಂಟು ಪಾಯಿಂಟ್ ಆರು, ತೊಂಬತ್ತೊಂಬತ್ತು. ಆದರೆ ಅತ್ತಿ ನೋವಿನ ಗುಳಿಗೆ ನುಂಗುತ್ತಿದ್ದದ್ದು ಏಳೂವರೆಗೆ. ನೋವು ಇಳಿಸುವ ಆ ಗುಳಿಗೆ ಜ್ವರವನ್ನೂ ಇಳಿಸುತ್ತದೆ. ಹುಬ್ಬಳ್ಳಿ ಹತ್ತಿರದ ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳ ಅಳತೆ ನೋಡುವುದು ನನ್ನ ಉದ್ಯೋಗ. ಲೇತಿನಿಂದ ಆಗಷ್ಟೇ ಇಳಿದ ಬಿಸಿ ಭಾಗವನ್ನು ಅಳೆಯಬಾರದು, ಸುಳ್ಳು ಅಳತೆ ಬರುತ್ತದೆ ಎಂದು ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ. ಮನೆಯಲ್ಲಿ ಮಾತ್ರ ಅತ್ತಿ ಗುಳಿಗೆ ನುಂಗಿದ ಒಂದು ಗಂಟೆಗೆ ಸರಿಯಾಗಿ, ನಾಲ್ಕು ದಿನ ತಪ್ಪದೆ, ಸುಳ್ಳು ಅಳತೆ ತೆಗೆದು ನೀಟಾಗಿ ಬರೆದಿಟ್ಟೆ.

ಹದಿನಾರಕ್ಕೆ ಓಣಿಯ ಡಾಕ್ಟರ ಹತ್ತಿರ ಹೋದೆವು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಈ ರೋಗದ ಮೊದಲ ವಾರಗಳಲ್ಲಿ ಎಕ್ಸ್‌ರೇ ಏನನ್ನೂ ತೋರಿಸದಿರಬಹುದೆಂದು ನಾನು ತಿಳಿದದ್ದು ಆಮೇಲೆ. ಏನೂ ಇಲ್ಲವೆಂಬ ಆ ಕಪ್ಪು ಹಾಳೆಯನ್ನು ಹಿಡಿದುಕೊಂಡು ನೆಮ್ಮದಿಯಿಂದ ಮನೆಗೆ ಬಂದೆವು. ಅತ್ತಿ ಮಾತ್ರ ಮಲಗಿದರೂ ನೋವು, ಕುಂತರೂ ನೋವು ಎಂದಳು. ಸಾದಾ ಟೊಂಕ ಹಿಡಿದವರು ಮಲಗಿದರೆ ಒಂದಿಷ್ಟು ಹಾಯಾಗುತ್ತಾರೆ. ನನ್ನ ಐವತ್ತಾರು ಮಂದಿಯಲ್ಲಿ ಬಹುತೇಕರು ಹಾಗೆಂದಿದ್ದರು. ಇವಳ ನೋವಿಗೆ ಬಿಡುವೇ ಇರಲಿಲ್ಲ. ಇಪ್ಪತ್ತರ ಮಧ್ಯಾಹ್ನ ಥಂಡಿ ಹತ್ತಿತೆಂದು ಎರಡು ಚಾದರ ಹೊದ್ದಳು. ಹಲ್ಲು ಕಟಕಟ ಎನ್ನುವುದು ಅಡುಗೆಮನೆಗೂ ಕೇಳುತ್ತಿತ್ತೆಂದು ಅವ್ವ ಸಂಜೆ ಹೇಳಿದಳು.

ಇಪ್ಪತ್ತೊಂದು, ಗುರುವಾರ, ಬೆಳಿಗ್ಗೆ ಆರು ಹತ್ತು. ಅತ್ತಿ ಗೋಡೆ ಹಿಡಿದು ಬಚ್ಚಲಿಗೆ ಹೊರಟಳು. ಹೊಸ್ತಿಲ ಹತ್ತಿರ, ಈ ಚಾಪೆಯ ಪಕ್ಕದಲ್ಲಿ, ಅವಳ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು. ಅವಳು ನಿಲ್ಲದೆ ಇನ್ನೊಂದು ಹೆಜ್ಜೆ ಎಳೆದಳು.

“ಅತ್ತಿ, ಚಪ್ಪಲಿ ಬಿತ್ತು.”

“ಯಾರದು?”

“ನಿಂದು.”

“ನಂದು ನನ್ನ ಕಾಲಾಗ ಐತೆಲ್ಲ.”

ಆ ಮಾತು ಕೇಳಿ ಅಪ್ಪ ಓದುತ್ತಿದ್ದ ಪೇಪರನ್ನು ಕೆಳಗಿಟ್ಟ. ಅಪ್ಪ, ನಾನು, ಅತ್ತಿ ಮೂವರೂ ಆ ಬರಿಗಾಲನ್ನು ನೋಡಿದೆವು. ನೋಡಿದ ಮೇಲೂ ಅವಳ ಮುಖದಲ್ಲಿ ಆ ಕಾಲು ತನ್ನದೆಂಬ ಗುರುತು ಮೂಡಲಿಲ್ಲ. ಅವಳನ್ನು ಕೂರಿಸಿ ಬೆರಳು ಆಡಿಸು ಎಂದೆ. ಬಲಗಾಲಿನ ಬೆರಳುಗಳು ಸೋತು ಸೋತು ಆಡಿದವು, ಎಡಗಾಲಿನವು ಸುಮ್ಮನಿದ್ದವು. ಅವ್ವ ಅವಳ ಕಿವಿಯಲ್ಲೇನೋ ಕೇಳಿ ನಮ್ಮ ಕಡೆ ತಿರುಗಿ, ನಿನ್ನೆ ಸಂಜೆಯಿಂದ ಮೂತ್ರ ಆಗಿಲ್ಲವಂತೆ ಎಂದಳು.

ಗದ್ದಲ ಕೇಳಿ ಕಾಕೂ ಓಡಿಬಂದರು. “ಇನ್ನೊಮ್ಮೆ ಕಾಲ ಹಚ್ಚ ನೋಡ ಸುಜಾತಾ, ಮೂರ ದಿನಾ ಸಾಕಾಗಿಲ್ಲ ಅನಸ್ತೈತಿ” ಎನ್ನುತ್ತಾ ಚಾಪೆಗೆ ಕೈಹಾಕಿದರು. ಅಪ್ಪ ಗಡಿಯಾರ ನೋಡಿ, ಓಣಿಯ ಡಾಕ್ಟರು ಹತ್ತಕ್ಕೆ ಬರುತ್ತಾರೆ ಎಂದ. ನನಗೆ ಏನೂ ಗೊತ್ತಿರಲಿಲ್ಲ, ನಾನು ಡಾಕ್ಟರಲ್ಲ. ಆದರೆ ನಿನ್ನೆ ಬೆಳಿಗ್ಗೆ ನಡೆದವಳು ಇಂದು ತನ್ನ ಚಪ್ಪಲಿಯನ್ನು ಅರಿಯದೆ ಹೋದರೆ, ಈ ಎರಡು ಅಳತೆಗಳ ನಡುವಿನ ಇಳಿತ ಹತ್ತು ಗಂಟೆಯವರೆಗೆ ಕಾಯುವಂಥದಲ್ಲ ಎಂಬುದಷ್ಟೇ ಹೊಳೆಯಿತು.

“ಕಾಕೂ, ಚಾಪಿ ಬಿಡ್ರಿ. ನನ್ನ ಕಾಲ ನಂಬಬ್ಯಾಡ್ರಿ” ಎಂದೆ. “ಕಾರ್ ತಗಸ್ರಿ.”

ಕಾಕೂ ನನ್ನನ್ನೊಮ್ಮೆ ನೋಡಿ, ಮನೆಗೆ ಓಡಿದರು. ಅವರ ಯಜಮಾನರ ಕಾರಿನಲ್ಲಿ, ಹಿಂದಿನ ಸೀಟಿನ ಉದ್ದಕ್ಕೂ ಅತ್ತಿಯನ್ನು ಮಲಗಿಸಿ, ಅವಳ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾಕೂ ಮುದುಡಿ ಕೂತರು. ನವನಗರ ದಾಟುವಾಗ ಅತ್ತಿ ಕೇಳಿದಳು: “ನನ್ನ ಕಾಲ ಯಾರರೆ ಹಿಡದೀರೇನು?” ಕಾಕೂ ಇನ್ನೂ ಬಿಗಿಯಾಗಿ ಹಿಡಿದುಕೊಂಡರು.

ಏಳು ಮೂವತ್ತೈದಕ್ಕೆ ಹುಬ್ಬಳ್ಳಿಯ ಆಸ್ಪತ್ರೆ. ಅಲ್ಲಿದ್ದ ಡಾಕ್ಟರು ನನಗಿಂತ ಏಳೆಂಟು ವರ್ಷ ದೊಡ್ಡವರಿರಬೇಕು, ಕೂದಲನ್ನು ಎತ್ತಿ ಕಟ್ಟಿದ ಹೆಣ್ಣುಮಗಳು. ಅತ್ತಿಯ ಅಂಗಾಲನ್ನು ಕೀಲಿಯ ತುದಿಯಿಂದ ಗೀರುತ್ತಾ ಕೇಳಿದರು, “ಯಾವಾಗಿಂದ ಹಿಂಗ ಆಗೇತ್ರಿ?”

“ಆರು ಹತ್ತಕ್ಕ ಗೊತ್ತಾತ್ರಿ. ನಿನ್ನೆ ಮುಂಜಾನೆ ಎಂಟಕ್ಕ ತಾನ ನಡದಿದ್ಲು. ಮೂತ್ರ ನಿನ್ನೆ ಸಂಜಿ ಆರರಿಂದ ಇಲ್ರಿ.”

“ಬರದಿಟ್ಟೀರೇನು?”

“ಹೌದ್ರಿ.”

“ಛಲೋ ಆತು. ಇನ್ನೂ ವ್ಯಾಳ್ಯಾ ಐತಿ ಅಂತ ಹಿಡದು ಕೆಲಸಾ ಮಾಡೂಣು.”

ಮುಂದಿನ ಪ್ರಶ್ನೆಗಳು ಒಂದರ ಬೆನ್ನಿಗೊಂದು ಬಂದವು. ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ? ಕಾಯಿಸದ ಹಾಲು ಕುಡಿಯುವ ರೂಢಿಯಿದೆಯೇ? ಇತ್ತೀಚೆಗೆ ಹಲ್ಲು ಕೀಳಿಸಿದ್ದು, ಸಲೈನ್ ಏರಿಸಿದ್ದು, ಗಾಯ, ಕುರು? ಎಲ್ಲಕ್ಕೂ ಅಪ್ಪ ಇಲ್ಲ ಎಂದ. ಅತ್ತಿಯೂ ಇಲ್ಲ ಎಂದಳು. ನಾನು ಚೀಲದಿಂದ ದಿನಚರಿ ತೆಗೆದು, ಒಂದೊಂದೇ ಹಾಳೆ ಹಿಂದಕ್ಕೆ ಮಗುಚುತ್ತಾ ಹೋದೆ. ಅಕ್ಟೋಬರ್ ಹತ್ತೊಂಬತ್ತರ ಪುಟದಲ್ಲಿ, ಬಸ್ಸು ತಡವಾದದ್ದು ಮತ್ತು ಬದನೆಕಾಯಿ ಕಹಿಯಾದದ್ದರ ನಡುವೆ ಒಂದು ಸಾಲಿತ್ತು: ಅತ್ತಿ ಹೆಗಲ ಮೇಲಿನ ಕುರುವನ್ನು ಸೀರೆಯ ಪಿನ್ನಿನಿಂದ ಒಡೆದುಕೊಂಡಳು. ಬೈದೆ. ನಕ್ಕಳು.

ಡಾಕ್ಟರು ಆ ಸಾಲನ್ನು ಎರಡು ಸಲ ಓದಿದರು.

“ಅದ ಒಂದ ಕುರಾ, ಏನ ದೊಡ್ಡದ್ರಿ?” ಅತ್ತಿ ಮಲಗಿದಲ್ಲಿಂದಲೇ ವಾದಕ್ಕಿಳಿದಳು. “ನಾಕ ದಿನದಾಗ ಒಣಗಿ ಹೋತು. ಹೆಗಲ ಮ್ಯಾಲಿಂದು ಟೊಂಕಕ್ಕ ಹ್ಯಾಂಗ ಬರತೈತಿ?”

“ರಕ್ತದಾಗ ಕುಂತು ಬರತೈತ್ರಿ ಟೀಚರ್. ರಕ್ತಪರಿಚಲನೆ ಪಾಠಾ ನೀವ ಮಾಡತಿದ್ದೀರೆಲ್ಲ.”

“ಇಪ್ಪತ್ತೆಂಟು ವರ್ಷಾ ಮಾಡೇನ್ರಿ” ಎಂದಳು ಅತ್ತಿ. “ಐದ ಮಾರ್ಕಿನ ಪ್ರಶ್ನೆ. ಚಿತ್ರಾ ಬರದ ವಿವರಸ್ರಿ ಅಂತ.”

ಆ ಐದು ಅಂಕದ ಉತ್ತರವನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ. ನಮ್ಮೆಲ್ಲರ ಚರ್ಮದ ಮೇಲೆ ಒಂದಲ್ಲ ಒಂದು ಬಗೆಯ ಬ್ಯಾಕ್ಟೀರಿಯಾಗಳು ಉಪದ್ರವವಿಲ್ಲದ ನೆರೆಯವರಂತೆ ಬದುಕಿರುತ್ತವೆ. ಕುರುವೊಂದನ್ನು ಹಿಂಡಿದಾಗಲೋ, ಗಾಯವೊಂದು ಕೆಟ್ಟಾಗಲೋ ಅವು ರಕ್ತಕ್ಕೆ ಇಳಿಯುತ್ತವೆ. ಹೆಚ್ಚಿನ ಸಲ ರಕ್ತದಲ್ಲಿರುವ ಕಾವಲು ಅವನ್ನು ಅಲ್ಲೇ ಮುಗಿಸುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ತೀರ ಅಪರೂಪಕ್ಕೆ, ಅದರಲ್ಲೂ ಸಕ್ಕರೆ ಕಾಯಿಲೆಯಂಥದು ಕಾವಲನ್ನು ಸಡಿಲಿಸಿದ್ದರೆ, ಒಂದಷ್ಟು ತಪ್ಪಿಸಿಕೊಂಡು ಹರಿಯುತ್ತಾ ಹೋಗಿ ಬೆನ್ನೆಲುಬಿನ ಮಣಿಗಳಲ್ಲಿ, ಅವುಗಳ ನಡುವಿನ ಮೆತ್ತೆಯಲ್ಲಿ ತಂಗುತ್ತವೆ. ಅಲ್ಲಿ ಸದ್ದಿಲ್ಲದೆ ಕೀವು ಕೂಡುತ್ತದೆ. ಕೂಡಿದ ಕೀವು ಮಣಿಗಳ ಹಿಂದಿನ ಕೊಳವೆಯೊಳಗೆ ಉಬ್ಬಿ, ಕಾಲಿಗೂ ಮೂತ್ರಕೋಶಕ್ಕೂ ಇಳಿಯುವ ನರಗಳ ಗೊಂಚಲನ್ನು ಅಮುಕುತ್ತದೆ. ಅಮುಕಿದ ನರ ಎಷ್ಟು ಹೊತ್ತು ತಾಳೀತೆಂಬುದು ಗಂಟೆಗಳ ಲೆಕ್ಕ. ಹೆಗಲಿನಿಂದ ಟೊಂಕಕ್ಕೆ ಒಂದು ಮೊಳವೂ ಇಲ್ಲ. ಆ ದಾರಿಯನ್ನು ಸವೆಸಲು ಕುರುವಿಗೆ ಮೂರು ವಾರ ಹಿಡಿಯಿತು. ಅದೇ ದಾರಿಯ ಮೇಲೆ ನಾನು ಒಂಬತ್ತು ಸಲ ಹಿಮ್ಮಡಿ ಎಳೆದಿದ್ದೆ.

ಔಷಧಿ ಶುರುಮಾಡುವ ಮೊದಲು ಎರಡು ಕೈಗಳಿಂದ ಎರಡು ಬಾಟಲಿ ರಕ್ತ ತೆಗೆದರು, ಅದರಲ್ಲಿ ಏನು ಬೆಳೆಯುತ್ತದೆಂದು ಕಾದು ನೋಡಲು. ಎಂಆರ್‌ಐಯ ಚಿತ್ರದಲ್ಲಿ, ಸಾಲಾಗಿ ಜೋಡಿಸಿದ ಮಣಿಗಳ ಹಿಂದೆ, ನೇರವಾಗಿ ಇಳಿಯಬೇಕಾದ ನರದ ಪಟ್ಟಿ ಒಂದೆಡೆ ಹಿಂಡಿ ದಾರದಷ್ಟಾಗಿತ್ತು. ಮಧ್ಯಾಹ್ನ ಒಂದು ಇಪ್ಪತ್ತಕ್ಕೆ ಒಳಗೆ ಒಯ್ದರು. ಸಹಿ ಹಾಕಿಸಿಕೊಳ್ಳುವಾಗ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. “ಕಾಲ ತಿರುಗಿ ಬರತಾವೋ ಇಲ್ಲೋ ಈಗ ಹೇಳಾಕ ಆಗೂದಿಲ್ರಿ. ಲಗೂ ತಂದೀರಿ, ಅಷ್ಟ ಹೇಳಬಲ್ಲೆ.”

ಆ ಹೊರಗಿನ ಬೆಂಚಿನ ಮೇಲೆ ಕಳೆದ ಎರಡು ಗಂಟೆ ನಲವತ್ತೈದು ನಿಮಿಷಗಳಲ್ಲಿ ಅಪ್ಪ ಒಂದೇ ಮಾತು ಆಡಿದ. “ಐವತ್ತು ಅಂತ ಬರದಿದ್ದೆಲ್ಲ, ಅವರನ್ನೆಲ್ಲಾ ಕೇಳಿದ್ದೇನು?” ಅದು ಬೈಗುಳವಾಗಿರಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು. ಕಚೇರಿಯಲ್ಲಿ ಕಡತವೊಂದು ಕಾಣದಾದಾಗ ಕೇಳುವಂತೆ ಮೆಲ್ಲಗೆ ಕೇಳಿದ, ನಾನು ಇಲ್ಲ ಎಂದೆ, ಅವನು ತಲೆಯಾಡಿಸಿದ. ಅವ್ವ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಎಲ್ಲರ ಕೈಗೂ ಕೊಟ್ಟಳು. ಕಾಕೂ ಕಣ್ಣೊರೆಸುತ್ತಲೇ ಕಪ್ಪು ತೆಗೆದುಕೊಂಡು, ನೋಡದೆ ಕುಡಿದುಬಿಟ್ಟರು. ನಮ್ಮ ಮನೆಯ ಚಹಾವನ್ನು ಅವರು ಮುಟ್ಟಿದ್ದು ಹನ್ನೊಂದು ವರ್ಷಗಳಲ್ಲಿ ಅದೇ ಮೊದಲ ಸಲ. ನಾನು ನೋಡಿದೆ, ಬರೆಯಲಿಲ್ಲ. ಮೂರು ದಿನದ ನಂತರ ಅತ್ತಿಗೆ ಈ ಸುದ್ದಿ ಹೇಳಿದಾಗ, ಮೂಗಿನ ನಳಿಕೆಯ ಪಕ್ಕ ಒಂದು ನಗೆ ಎದ್ದಿತು. “ನನ್ನ ಕಾಲ ಹೋದ ಮ್ಯಾಲ ಬಂತೇನ ಆ ಕಪ್ಪು? ತುಟ್ಟಿ ಚಹಾ ಆತಲ್ಲವಾ” ಎಂದಳು. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿದಳು.

ರಕ್ತದ ಬಾಟಲಿಯಲ್ಲಿ ಎರಡನೆಯ ದಿನ ಬೆಳೆದದ್ದು ಕುರುಗಳಲ್ಲಿ ಸಾಮಾನ್ಯವಾಗಿ ಇರುವ ಬ್ಯಾಕ್ಟೀರಿಯಾ. ಅದಕ್ಕೆ ಸರಿಹೊಂದುವ ಔಷಧಿಯನ್ನು ನಲವತ್ತೆರಡು ದಿನ ರಕ್ತನಾಳದ ಮೂಲಕವೇ ಕೊಡಬೇಕೆಂದರು. ಜ್ವರ ಐದನೆಯ ದಿನಕ್ಕೆ ಇಳಿಯಿತು. ಜೀವಕ್ಕೆ ಭಯವಿಲ್ಲ ಎಂದರು. ಉಳಿದದ್ದು ಕಾಲು. ನಾನು ಪ್ರತಿದಿನ ಬೆಳಿಗ್ಗೆ ಏಳು ಐವತ್ತಕ್ಕೆ, ತಾರಿಹಾಳಕ್ಕೆ ಹೋಗುವ ಮೊದಲು, ಮಂಚದ ಬುಡದಲ್ಲಿ ನಿಂತು ಅವಳ ಎಡಗಾಲಿನ ಹೆಬ್ಬೆರಳನ್ನು ನೋಡುತ್ತಿದ್ದೆ. ಅತ್ತಿ ಕಣ್ಣುಮುಚ್ಚಿ, ಹುಬ್ಬು ಗಂಟಿಕ್ಕಿ, ದೂರದಲ್ಲಿದ್ದವರನ್ನು ಕೂಗಿ ಕರೆಯುವವಳಂತೆ ಮೈಯೆಲ್ಲ ಬಿಗಿಹಿಡಿಯುತ್ತಿದ್ದಳು. ನಾನು ಸೊನ್ನೆ ಬರೆಯುತ್ತಿದ್ದೆ. ಒಂದು ಸೊನ್ನೆ, ಎರಡು ಸೊನ್ನೆ, ಹತ್ತು ಸೊನ್ನೆ. ಹದಿಮೂರನೆಯ ದಿನ ಅವಳು ಕಣ್ಣು ತೆರೆಯದೆಯೇ, “ಬರಿಯೂದು ಬಿಡವಾ. ಸೊನ್ನಿ ಬರಕೋತ ಕುಂತರ ಕಾಲಿಗೂ ನಾಚಿಕಿ ಆಗತೈತಿ” ಎಂದಳು. ಬಿಡಲಾಗಲಿಲ್ಲ. ಅಲ್ಲಿಯವರೆಗೆ ಕಾರ್ಖಾನೆಯ ಹೊರಗೆ ನಾನು ನಿಜವಾಗಿ ಅಳೆದದ್ದು, ಅಳೆದದ್ದನ್ನೇ ಬರೆದದ್ದು, ಬಹುಶಃ ಆ ಸೊನ್ನೆಗಳನ್ನು ಮಾತ್ರ.

ಡಿಸೆಂಬರ್ ಎಂಟು, ಹದಿನೇಳನೆಯ ದಿನ, ಹೆಬ್ಬೆರಳು ಆಡಿತು. ಉಗುರಿನ ಮೇಲಿದ್ದ ಬೆಳಕು ಇಷ್ಟೇ ಇಷ್ಟು ಸರಿಯಿತು. ನನ್ನ ಕಣ್ಣಿನ ಭ್ರಮೆಯೇನೋ ಎಂದು ಅವಳಿಗೆ ಹೇಳದೆ ಇನ್ನೊಮ್ಮೆ ಅಂದೆ. ಇನ್ನೊಮ್ಮೆ ಆಡಿತು. ಮೂರನೆಯ ಸಲಕ್ಕೆ ಅತ್ತಿ ಕಣ್ಣುಬಿಟ್ಟು, “ಯಾಕ ಮತ್ತ ಮತ್ತ ಕೇಳಾಕತ್ತೀ? ಬಂತೇನು?” ಎಂದಳು. ಸೊನ್ನೆಯ ಜಾಗದಲ್ಲಿ ಒಂದು ಎಂದು ಬರೆದೆ. ವಹಿ ತಿರುಗಿಸಿ ಅವಳ ಮುಖದ ಮುಂದೆ ಹಿಡಿದೆ.

ಈಗ ಅವಳು ವಾಕರ್ ಹಿಡಿದು ನಡೆಯುತ್ತಾಳೆ. ನಿನ್ನೆ ಮೂವತ್ತೊಂದು ಹೆಜ್ಜೆ. ಎಡಪಾದ ಇನ್ನೂ ತುಸು ಎಳೆಯುತ್ತದೆ. ಹಲಗೆಯ ಮುಂದೆ ದಿನವಿಡೀ ನಿಲ್ಲುವ ಕಾಲು ತಿರುಗಿ ಬರುತ್ತದೋ ಇಲ್ಲವೋ ಯಾರೂ ಭರವಸೆ ಕೊಟ್ಟಿಲ್ಲ. ಕಾಯುತ್ತಿದ್ದೇವೆ.

ಜನವರಿಯಲ್ಲಿ, ಅತ್ತಿ ಮನೆಗೆ ಬಂದ ಮೇಲೆ, ನಾನು ಬೆನ್ನಿನ ವಹಿಯನ್ನು ತೆರೆದು ಅಪ್ಪನ ಪ್ರಶ್ನೆಗೆ ಉತ್ತರ ಹುಡುಕಿದೆ. ‘ಗುಣ’ ಎಂದಿದ್ದ ಐವತ್ತರಲ್ಲಿ, ತಾವಾಗಿ ಬಂದು ಗುಣವಾಯಿತೆಂದು ಹೇಳಿದವರು ಇಪ್ಪತ್ತೆರಡು. ಉಳಿದ ಇಪ್ಪತ್ತೆಂಟು ಜನ ಮತ್ತೆ ಬರಲೇ ಇಲ್ಲ. ಬರಲಿಲ್ಲವೆಂದರೆ ಗುಣವಾಗಿರಬೇಕು ಎಂದು ನಾನೇ ಬರೆದುಕೊಂಡಿದ್ದೆ. ಕಾರ್ಖಾನೆಯಲ್ಲಿ ಅಳೆಯದ ಭಾಗವನ್ನು ಸರಿಯಾದ ಭಾಗಗಳ ಪೆಟ್ಟಿಗೆಗೆ ಹಾಕಿದರೆ ನನ್ನ ಕೆಲಸ ಹೋಗುತ್ತದೆ. ಇಲ್ಲಿ ಇಪ್ಪತ್ತೆಂಟು ಮನುಷ್ಯರನ್ನು ಹಾಕಿದ್ದೆ. ಯಾರ ಮನೆಯ ಚಹಾ ಯಾರು ಕುಡಿದರೆಂಬುದಕ್ಕೆ ಆ ವಹಿಯಲ್ಲಿ ಒಂದು ಅಂಕಣವಿತ್ತು, ಜ್ವರವಿದೆಯೇ ಎಂಬುದಕ್ಕೆ ಇರಲಿಲ್ಲ. ಆ ಅವಮಾನವನ್ನು ಅಷ್ಟು ಜತನದಿಂದ ಲೆಕ್ಕವಿಟ್ಟದ್ದು ತಪ್ಪೆಂದು ನಾನು ಹೇಳಲಾರೆ. ಆದರೆ ಆ ಲೆಕ್ಕದ ಮೇಲೆ ನೆಟ್ಟ ಕಣ್ಣು, ಪಾದದಡಿಯ ಬೆನ್ನಿನ ಬಿಸಿಯನ್ನು ಕಾಣಲಿಲ್ಲ.

ಆ ಇಪ್ಪತ್ತೆಂಟು ಜನರನ್ನು ಹುಡುಕಿ ಹೊರಟೆ. ಮೂರು ವಾರ, ಕೆಲಸ ಮುಗಿದ ಮೇಲೆ, ಮನೆಮನೆಗೆ. ಇಪ್ಪತ್ತೊಂದು ಮಂದಿಗೆ ಆ ನೋವೇ ನೆನಪಿರಲಿಲ್ಲ; ಅದು ತಾನಾಗಿ ಬಂದು ತಾನಾಗಿ ಹೋಗುವ ಜಾತಿಯದು, ನನ್ನ ಕಾಲಿಗೂ ಅದಕ್ಕೂ ಸಂಬಂಧವಿರಲಿಲ್ಲ. ನಾಲ್ವರು ಆಮೇಲೆ ಡಾಕ್ಟರ ಹತ್ತಿರ ಹೋಗಿದ್ದರು, ಒಬ್ಬರಿಗೆ ಮೂತ್ರಪಿಂಡದ ಕಲ್ಲು, ಮೂವರಿಗೆ ಡಿಸ್ಕಿನ ತೊಂದರೆ. ಇಬ್ಬರು ಊರು ಬಿಟ್ಟಿದ್ದರು, ಆರೋಗ್ಯವಾಗಿದ್ದಾರೆಂದು ಸಂಬಂಧಿಕರು ಹೇಳಿದರು. ಇಪ್ಪತ್ತೇಳು. ಒಂದು ಉಳಿಯಿತು.

ಇದನ್ನು ಬರೆಯುತ್ತಿರುವಾಗಲೇ, ಏಳೂಕಾಲಕ್ಕೆ, ವಾಕರ್ ಸದ್ದು ಮಾಡುತ್ತಾ ಅತ್ತಿ ಇಲ್ಲಿಗೆ ಬಂದಳು. ವ್ಯಾಯಾಮ ಹೇಳಿಕೊಡುವವರು ಇಂದಿನಿಂದ ನೆಲದ ಮೇಲೆ ಬೋರಲಾಗಿ ಮಲಗಿ ಕಾಲೆತ್ತಲು ಹೇಳಿದ್ದಾರಂತೆ. ಮೂಲೆಯ ಕಡೆ ಗದ್ದ ತೋರಿಸಿ, “ಅದನ್ನ ಹಾಸು. ಚಾಪೀದು ಏನ್ ತಪ್ಪು?” ಎಂದಳು. ಹಾಸಿದೆ. ಧೂಳು ಎದ್ದಿತು. ಅವಳನ್ನು ಇಳಿಸಿ ಮಲಗಿಸುವಾಗ ನಾನು ಎರಡು ಕೆಲಸ ಮಾಡಿದೆ: ಗುಳಿಗೆಗೆ ಮುಂಚೆಯೇ ಜ್ವರ ನೋಡಿದೆ, ಮತ್ತು ಟೊಂಕದ ಮೇಲಿನ ಉದ್ದನೆಯ ಹೊಲಿಗೆಯ ಗುರುತಿನ ಪಕ್ಕ ಅಂಗೈ ಇಟ್ಟು, ಬಾಯಿ ಬಿಟ್ಟು ಕೇಳಿದೆ, “ಹ್ಯಾಂಗ ಅನಸ್ತೈತಿ ಅತ್ತಿ?” ಬೆನ್ನು ತಣ್ಣಗಿತ್ತು. “ನಿನ್ನ ಕೈ ಸುಡಾಕತ್ತೈತಿ” ಎಂದಳು. ಪೆನ್ನು ಹಿಡಿದು ಹಿಡಿದು ಇರಬೇಕು.

ಉಳಿದದ್ದು ನಲವತ್ತೊಂದನೆಯ ಬೆನ್ನು. ವಹಿಯಲ್ಲಿರುವುದನ್ನು ಹಾಗೆಯೇ ಇಲ್ಲಿ ಕೊಡುತ್ತೇನೆ. ಎರಡು ವರ್ಷದ ಹಿಂದೆ, ಜೂನ್ ಹದಿನಾಲ್ಕು, ಬೆಳಿಗ್ಗೆ. ಮಗಳನ್ನು ಕಾಲೇಜಿಗೆ ಸೇರಿಸಲು ಬಂದಿದ್ದ ತಾಯಿ, ಸವದತ್ತಿ ಕಡೆಯವರು, ನಲವತ್ತೈದರ ಸುಮಾರು, ಹಸಿರು ಸೀರೆ. ಹೆಸರು ಕೇಳಲಿಲ್ಲ. ನೋವು: ನಡುವೆ. ಮತ್ತೆ ಎರಡು ದಿನ ಬರುತ್ತೇನೆಂದವರು ಬರಲಿಲ್ಲ. ಫಲ: ಗುಣ. ಚಹಾ: ಎರಡು ಕಪ್ಪು, ಥಂಡಿ ಹತ್ತಿದೆ ಎಂದು ಇನ್ನೊಂದು ಕೇಳಿ ಕುಡಿದರು. ಹೊರಗೆ ಮಳೆಯಿತ್ತು, ಮಳೆಯ ಥಂಡಿ ಎಂದುಕೊಂಡೆ. ಕೇಳಿ ಕುಡಿದರಲ್ಲ ಎಂದು ಅಂದು ನಮ್ಮ ಮನೆಗೆಲ್ಲ ಸಂತೋಷವಾಗಿತ್ತು.

ಆ ತಾಯಿಯನ್ನಾಗಲಿ ಮಗಳನ್ನಾಗಲಿ ಬಲ್ಲವರಿದ್ದರೆ, ಅಥವಾ ಇದನ್ನು ಓದುತ್ತಿರುವ ನೀವೇ ಆ ಮಗಳಾಗಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ನನ್ನ ಹಾಗೆ ಕಾಲು ಮುಂದಾಗಿ ಹುಟ್ಟಿ, ನಂಬಿ ಬಂದವರ ಬೆನ್ನು ಸವರುವವರು ಇದ್ದರೆ ನೀವೂ ಬರೆಯಿರಿ. ಬರೆಯುವ ಮೊದಲು, ನಾಳೆ ಬೆಳಿಗ್ಗೆ ಚಾಪೆ ಹಾಸುವ ಮೊದಲು, ಜ್ವರವಿದೆಯೇ, ಥಂಡಿ ಬರುತ್ತದೆಯೇ, ಕಾಲು ಜೋಮು ಹಿಡಿದಿದೆಯೇ ಎಂದು ಬಾಯಿಬಿಟ್ಟು ಕೇಳಿ, ಹೌದೆಂದರೆ ಚಾಪೆ ಸುತ್ತಿಟ್ಟು ಆಸ್ಪತ್ರೆಯ ದಾರಿ ತೋರಿಸಿ. ಈ ರೋಗದ ಬಗ್ಗೆ ನನಗಿಂತ ಹೆಚ್ಚು ಬಲ್ಲವರು ನಾನು ತಪ್ಪು ಬರೆದಿದ್ದರೆ ತಿದ್ದಿ. ನಲವತ್ತೊಂದರ ಸಾಲಿನಲ್ಲಿದ್ದ ‘ಗುಣ’ ಎಂಬ ಪದವನ್ನು ಹೊಡೆದುಹಾಕಿ, ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಅಲ್ಲಿ ಏನು ಬರೆಯಬೇಕೆಂದು ಊಹಿಸುವುದಿಲ್ಲ. ಆಕೆ ನಡೆಯುತ್ತಿದ್ದಾರೆಯೇ, ಅಷ್ಟು ತಿಳಿಸಿ.